ಎರಡು ಚೌಕಗಳ ನಡುವೆ

ಅಮೆರಿಕದ ಪಶ್ಚಿಮ ಗಡಿನಾಡಿನ ಕುದುರೆ ಸವಾರರು, ದರೋಡೆಕೋರರು ಹಾಗೂ ಮೂಲನಿವಾಸಿಗಳ ಕಥೆ ಹೇಳುವ ‘ವೆಸ್ಟರ್ನ್’ ಎಂಬ ಚಿತ್ರಕಥಾ (ಕಾಮಿಕ್ಸ್) ಪ್ರಕಾರದಲ್ಲಿ ಬಂದೂಕಿನ ಸದ್ದು ಎಷ್ಟೇ ಜೋರಾಗಿದ್ದರೂ, ಪುಸ್ತಕ ಮಡಚಿದ ಮೇಲೆ ಓದುಗನ ಮನಸ್ಸಿನಲ್ಲಿ ಉಳಿಯುವುದು ಒಂದಾಗಲಾರದವರು ಒಂದಾದ ಬಗೆಯೇ. 1933ರಲ್ಲಿ ರೇಡಿಯೊ ನಾಟಕವಾಗಿ ಹುಟ್ಟಿ ಅನಂತರ ಚಿತ್ರಕಥೆಯಾದ ‘ಲೋನ್ ರೇಂಜರ್’ನಲ್ಲಿ ಮುಖವಾಡದ ಬಿಳಿಯನಿಗೆ ಮೂಲನಿವಾಸಿ ಟೋಂಟೊ ಜೊತೆಗಾರನಾದರೆ, 1948ರಲ್ಲಿ ಇಟಲಿಯ ಬೊನೆಲ್ಲಿ ಬರೆದು ಗಲೆಪ್ಪಿನಿ ಚಿತ್ರಿಸಿದ ಟೆಕ್ಸ್ ವಿಲ್ಲರ್ ಬಿಳಿಯನಾಗಿದ್ದೂ ನವಾಹೋ ಜನರ ನಾಯಕನಾಗುತ್ತಾನೆ.

ಕನ್ನಡದ ಓದುಗರಿಗೆ ಇಂಥ ಜೋಡಿಗಳ ರುಚಿ ಹತ್ತಿಸಿದ್ದರಲ್ಲಿ 1964ರಲ್ಲಿ ಆರಂಭವಾಗಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಂದ ‘ಇಂದ್ರಜಾಲ ಕಾಮಿಕ್ಸ್’ನ ಪಾಲು ದೊಡ್ಡದು. ಅದರಲ್ಲಿ ಕಾಣಿಸಿಕೊಂಡ ಲೀ ಫಾಕ್‌ನ ಮಾಂತ್ರಿಕ ಮ್ಯಾಂಡ್ರೇಕ್‌ಗೆ ಆಫ್ರಿಕದ ರಾಜಕುಮಾರ ಲೋಥಾರ್ ಗೆಳೆಯ. ಆದರೆ ರಾಜಕುಮಾರನಿಗೆ ಚಿರತೆಯ ಚರ್ಮ ಹೊದಿಸಿ ಆಳಿನಂತೆ ನಿಲ್ಲಿಸಿದ್ದ ಹಳೆಯ ಚಿತ್ರಗಳಲ್ಲಿ ಗೆಳೆತನ ಸರಿಸಮವಾಗಿರಲಿಲ್ಲ, 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಕುಂಚ ಹಿಡಿದ ಮೇಲೆ ಆ ಅಂತರ ಕಡಿಮೆಯಾಯಿತು. ಅದೇ ಇಂದ್ರಜಾಲಕ್ಕಾಗಿ ಆಬಿದ್ ಸುರತಿ 1976ರಲ್ಲಿ ಸೃಷ್ಟಿಸಿದ ಬಹಾದೂರ್‌ನ ಕಥೆ ಇನ್ನೂ ಕಠಿಣವಾದುದು: ಡಕಾಯಿತ ತಂದೆಯನ್ನು ಗುಂಡಿಕ್ಕಿ ಕೊಂದ ಪೊಲೀಸ್ ಅಧಿಕಾರಿಯೇ ಆ ಹುಡುಗನನ್ನು ಸಾಕಿ ಬೆಳೆಸುತ್ತಾನೆ.

ಈ ಕಲೆಯ ಸೊಗಸು ಚೌಕಗಳಲ್ಲಿ, ಅಂದರೆ ಗೆರೆ ಕಟ್ಟಿದ ಒಂದೊಂದು ಚಿತ್ರದಲ್ಲಿ, ಇರುವಷ್ಟೇ ಅವುಗಳ ನಡುವಿನ ಬಿಳಿಯ ಪಟ್ಟಿಯಲ್ಲೂ ಇದೆ. ಮೊದಲ ಚೌಕದಲ್ಲಿ ಬಂದೂಕು ಎತ್ತಿದವನು ಮುಂದಿನ ಚೌಕದಲ್ಲಿ ನೀರಿನ ತಂಬಿಗೆ ಚಾಚುತ್ತಾನೆ. ನಡುವೆ ಅವನ ಮನಸ್ಸು ಹೇಗೆ ತಿರುಗಿತೆಂಬುದನ್ನು ಯಾರೂ ಬರೆದಿಲ್ಲವಾದ್ದರಿಂದ ಓದುಗನೇ ತುಂಬಿಕೊಳ್ಳಬೇಕು. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಸವಿ ಕೂಡುತ್ತದೆ. ಇಂಗ್ಲಿಷಿನ ಒಂದೇ ಸರ್ವನಾಮಕ್ಕೆ ಇಲ್ಲಿ ‘ನೀನು’, ‘ನೀವು’ ಎಂಬ ಎರಡಿರುವುದರಿಂದ ಅನುವಾದಕ ಪ್ರತಿ ಮಾತಿನ ಗುಳ್ಳೆಯಲ್ಲೂ ಇಬ್ಬರ ನಡುವಿನ ದೂರವನ್ನು ಅಳೆಯಲೇಬೇಕು. ಹಗೆಯಲ್ಲಿ ಏಕವಚನವಾಗಿದ್ದ ‘ನೀನು’ ಎಂಬ ಅದೇ ಪದ ಕೆಲವು ಪುಟಗಳಾಚೆ, ತಾಯಿಯನ್ನೂ ದೇವರನ್ನೂ ಕರೆಯುವಾಗಿನಂತೆ, ಸಲಿಗೆಯಾಗಿ ಮರಳಬಲ್ಲದು.

ಚಿತ್ರದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನ ಹೆಸರು ಹೊತ್ತ ಊರಾದ ಭರಮಸಾಗರದಲ್ಲಿ ಇಂಥ ಪುಸ್ತಕ ಹಿಡಿದು ಕುಳಿತವನಿಗೆ ಅದರ ಬಂಡೆಗುಡ್ಡ, ಒಣಹುಲ್ಲು, ಕುದುರೆಯ ದೂಳು ಯಾವುದೂ ಪರದೇಶದ್ದೆನಿಸದು. ದುರ್ಗದ ಬಂಡೆಗಳು ಹತ್ತಿರದಲ್ಲೇ ಇವೆ. ಆ ಬಂಡೆಗಳ ಕಥೆಯಲ್ಲೂ ಮೈತ್ರಿಯುಂಟು: ಹೈದರಾಲಿಯ ದಂಡಯಾತ್ರೆಗಳಿಗೆ ನೆರವಾಗಿದ್ದ ಮದಕರಿ ನಾಯಕನ ಕೋಟೆ 1779ರಲ್ಲಿ ಅದೇ ಹೈದರಾಲಿಯ ವಶವಾಯಿತು. ಚಿತ್ರಕಥೆಗಾರನಾದರೋ ಇಬ್ಬರು ಸವಾರರು ಒಟ್ಟಿಗೆ ಹೊರಟ ಚೌಕದಲ್ಲೇ ಲೇಖನಿ ಕೆಳಗಿಡುತ್ತಾನೆ, ಇತಿಹಾಸಕ್ಕೆ ಆ ಸೌಲಭ್ಯವಿಲ್ಲ. ಮುಂದಿನ ಚೌಕ ಏನಾಗಬಲ್ಲದೆಂದು ಬಲ್ಲ ದುರ್ಗದ ಸೀಮೆಯ ಓದುಗ, ಆ ಕೊನೆಯ ಚಿತ್ರದ ಮೇಲೆ ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಕಣ್ಣಿಟ್ಟಿರುತ್ತಾನೆ.