ಹಾರ್ನ್ ಕೆಟ್ಟ ಕಥೆ

ಇಂಗ್ಲೆಂಡಿನಲ್ಲಿ ಕಾರಿನ ಹಾರ್ನ್ ಕೆಟ್ಟರೆ ಗೊತ್ತಾಗೋದು ಯಾವಾಗ? ಅದು ಬೇಕಾದಾಗ ಮಾತ್ರ! ಊರಲ್ಲಾದ್ರೆ ಮನೆ ಗೇಟು ದಾಟುವಷ್ಟರಲ್ಲೇ ತಿಳಿದುಬಿಡುತ್ತೆ. ಇಲ್ಲಿ ಮ್ಯಾಕಲ್ಸ್‌ಫೀಲ್ಡಿನಲ್ಲಿ ನಾನು ಕೊನೆಯ ಸಲ ಹಾರ್ನ್ ಹೊಡೆದದ್ದೇ ನೆನಪಿಲ್ಲ.

ಮೊನ್ನೆ ಶನಿವಾರ ತರಕಾರಿ ತಗೊಂಡು ಪಾರ್ಕಿಂಗಿನಿಂದ ಹೊರಡಲು ಕಾಯ್ತಾ ಇದ್ದೆ. ಮುಂದಿದ್ದ ವ್ಯಾನು ನಮ್ಮ ಮೇಲೇ ರಿವರ್ಸ್ ಬರತೊಡಗಿತು. ಹಾರ್ನ್ ಒತ್ತಿದೆ. ಸದ್ದಿಲ್ಲ. ಜೋರಾಗಿ ಒತ್ತಿದೆ. ಊಹೂಂ! ಪಕ್ಕದಲ್ಲಿ ಏಳು ತಿಂಗಳ ಬಸುರಿ ಹೆಂಡತಿ. ಅವಳೇ ಕಿಟಕಿ ಇಳಿಸಿ "ಏಯ್, ನಿಲ್ಸೋ!" ಅಂತ ಅಚ್ಚಗನ್ನಡದಲ್ಲಿ ಕಿರುಚಿದಳು. ಒಂದು ಗೇಣು ಇರುವಾಗ ವ್ಯಾನು ನಿಂತಿತು.

ಇಲ್ಲಿನ ಹೈವೇ ಕೋಡ್ ಪ್ರಕಾರ ರಸ್ತೆಯಲ್ಲಿ ನಿಂತ ಗಾಡಿಯಿಂದ ಹಾರ್ನ್ ಹೊಡೆಯೋ ಹಾಗಿಲ್ಲ. ಊರೊಳಗೆ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೂ ಇಲ್ಲ. ಬೇರೆ ಗಾಡಿಯಿಂದ ಅಪಾಯ ಇದ್ದರೆ ಮಾತ್ರ ಹೊಡೀಬಹುದು. ಆದ್ರೂ ಎಂಓಟಿ ತಪಾಸಣೆಯಲ್ಲಿ ಹಾರ್ನ್ ಸದ್ದು ಮಾಡದಿದ್ದರೆ ಕಾರು ಫೇಲ್! ಯಾಕೆ ಅಂತ ಅವತ್ತು ಗೊತ್ತಾಯ್ತು.

ಭಾನುವಾರ ಬಾನೆಟ್ ಎತ್ತಿದೆ. ಆಫೀಸಲ್ಲಿ ಬಗ್ ಹುಡುಕೋ ಹಾಗೇ, ಒಂದೊಂದೇ ಹೆಜ್ಜೆ. ಫ್ಯೂಸ್ ಸರಿಯಿತ್ತು. ಹೆಂಡತಿ ಹಾರ್ನ್ ಒತ್ತಿದಾಗ ರಿಲೇ 'ಟಕ್' ಅಂತು. ಅಂದ್ರೆ ಸ್ಟೇರಿಂಗಿನೊಳಗಿನ ಸ್ವಿಚ್ಚು, ವೈರು ಸರಿ ಇವೆ. ಹಾರ್ನಿನ ಕನೆಕ್ಟರ್ ಕಿತ್ತು, ಅದರ ಒಂದು ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿದು "ಒತ್ತು" ಅಂದೆ. 12 ವೋಲ್ಟ್! ಕರೆಂಟು ಇಲ್ಲಿವರೆಗೂ ಬರ್ತಿದೆ, ಹಾಗಾದ್ರೆ ಹಾರ್ನೇ ಹೋಗಿದೆ ಅಂತ ಹೊಸದನ್ನು ಆರ್ಡರ್ ಮಾಡಲು ಹೊರಟೆ.

ಅಷ್ಟರಲ್ಲಿ ಶಿವಮೊಗ್ಗದಿಂದ ಅಪ್ಪನ ಫೋನು. ಆಗುಂಬೆ ಘಾಟಿಯ ಪ್ರತಿ ತಿರುವಿಗೂ ಹಾರ್ನ್ ಹೊಡೆಯಲು ಕಲಿಸಿದವರು ಅವರೇ. ಎಲ್ಲ ಕೇಳಿ, "ಅರ್ಥ್ ನೋಡಿದ್ಯೇನೋ?" ಅಂದರು.

ನೋಡಿರಲಿಲ್ಲ! ಈ ಸಲ ಕನೆಕ್ಟರಿನ ಎರಡೂ ಪಿನ್ನುಗಳ ನಡುವೆ ಅಳೆದೆ. ಸೊನ್ನೆ. ಅರ್ಥ್ ವೈರು ಬಾಡಿಗೆ ಸೇರುವ ಬೋಲ್ಟಿನ ತುಂಬ ತುಕ್ಕು. ಚಳಿಗಾಲದಲ್ಲಿ ಹಿಮ ಕಟ್ಟದಿರಲಿ ಅಂತ ರಸ್ತೆಗೆ ಎರಚುವ ಉಪ್ಪಿನ ಕೆಲಸ. ನಮ್ಮ ಚೆಷೈರಿನ ವಿನ್ಸ್‌ಫರ್ಡಿನಲ್ಲೇ 1844ರಲ್ಲಿ ಶುರುವಾದ ಕಲ್ಲುಪ್ಪಿನ ಗಣಿ ಇದೆ, ಉಪ್ಪಿಗೇನು ಬರ! ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದಲೇ ಉಜ್ಜಿ ಬಿಗಿ ಮಾಡಿದೆ.

ಪೇಂ!

ಎದುರುಮನೆ ಅಜ್ಜಿ ಪರದೆ ಸರಿಸಿ ನೋಡಿದರು. ಫೋನಿನಲ್ಲಿ ಅಪ್ಪ, "ಮಗು ಕೂರೋ ಗಾಡಿ ಕಣೋ. ವಾರಕ್ಕೊಂದ್ಸಲ ಒತ್ತಿ ನೋಡ್ತಾ ಇರು" ಅಂದರು.

ನೀವೂ ಒಮ್ಮೆ ನಿಮ್ಮ ಕಾರಿನ ಹಾರ್ನ್ ಒತ್ತಿ ನೋಡಿ. ರಾತ್ರಿ ಹನ್ನೊಂದೂವರೆ ದಾಟಿದ್ರೆ ಮಾತ್ರ, ದಯವಿಟ್ಟು ಬೆಳಗಾಗೋವರೆಗೆ ತಡೀರಿ.