ಹೋಟೆಲಿನ ಅಟ್ಟದಲ್ಲಿ ಖಾನೆಷುಮಾರಿ

1981ರ ಜನಗಣತಿಗೆ ಪುಣೆಯ ಡೆಕ್ಕನ್ ಜಿಮಖಾನಾ ಕಡೆಯ ಒಂದು ಬ್ಲಾಕಿಗೆ ನನ್ನನ್ನು ಗಣತಿದಾರನನ್ನಾಗಿ ಹಾಕಿದ್ದರು. ಶಾಲಾ ಮಾಸ್ತರರಿಗೆ ಆ ಕೆಲಸ ಆಗಲೂ ತಪ್ಪಿದ್ದಲ್ಲ, ಈಗಲೂ ತಪ್ಪಿದ್ದಲ್ಲ. ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಸುತ್ತಬೇಕು. 28ರ ರಾತ್ರಿ ಬೀದಿಯಲ್ಲಿ ಮಲಗಿದವರನ್ನು ಎಣಿಸಬೇಕು. ಮಾರ್ಚ್ 1ರಿಂದ 5ರೊಳಗೆ ಅದೇ ಬಾಗಿಲುಗಳನ್ನು ಮತ್ತೆ ತಟ್ಟಿ, ಅಷ್ಟರಲ್ಲಿ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರ ಹೆಸರು ಹೊಡೆದುಹಾಕಬೇಕು. ದೇಶದ ಬಹುಪಾಲಿನ ಲೆಕ್ಕ ಮಾರ್ಚ್ ಒಂದರ ಸೂರ್ಯೋದಯಕ್ಕೆ ನಿಲ್ಲುತ್ತಿತ್ತು.

ಆ ಸಲ ದೊಡ್ಡ ರಾಜ್ಯಗಳಲ್ಲಿ ಐದು ಬ್ಲಾಕುಗಳಿಗೆ ಒಂದರಂತೆ ಉದ್ದನೆಯ ಚೀಟಿ ಕೊಟ್ಟಿದ್ದರು. ನನ್ನದು ಅಂಥ ಬ್ಲಾಕು. ಹುಟ್ಟಿದ ಊರು ಯಾವುದು, ಇಲ್ಲಿಗೆ ಬರುವ ಮುಂಚೆ ಎಲ್ಲಿದ್ದಿರಿ, ಬಂದು ಎಷ್ಟು ಕಾಲವಾಯಿತು ಎಂದೆಲ್ಲ ಅದರಲ್ಲಿತ್ತು. ಯಾಕೆ ಬಂದಿರಿ ಎಂಬ ಪ್ರಶ್ನೆಯನ್ನಂತೂ ನಮ್ಮ ಜನಗಣತಿ ಕೇಳಿದ್ದು ಅದೇ ಮೊದಲ ಸಲ. ವಾಡೆಗಳಲ್ಲಿ ಕೆಲಸ ಸಲೀಸಾಗಿ ಸಾಗಿತು. ಅಜ್ಜಿಯರು ಚಹ ಕೊಟ್ಟು, ತಮ್ಮ ಮದುವೆಯ ಕಥೆ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ತೊಡಕು ಬಂದದ್ದು ಒಂದು ಉಡುಪಿ ಹೋಟೆಲಿನಲ್ಲಿ. ಹಗಲು ಹೋದರೆ ಯಾರಿಗೂ ನಿಂತು ಮಾತಾಡಲು ಪುರುಸೊತ್ತಿಲ್ಲ. ಶಟರ್ ಎಳೆದ ಮೇಲೆ ಬನ್ನಿ ಎಂದರು ಧಣಿಗಳು. ನಾನು ಕುಂದಾಪುರದ ಕಡೆಯವನೆಂದು ತಿಳಿದ ಮೇಲೆ ಮಾತು ಮೃದುವಾಯಿತು, ಆದರೆ ಅಳುಕು ಹೋಗಲಿಲ್ಲ. ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯ ಪಕ್ಕದ ಏಣಿ ಹತ್ತಿ ಅಟ್ಟಕ್ಕೆ ಹೋದೆ. ಬಗ್ಗಿಯೇ ನಡೆಯಬೇಕು. ಮೈದಾ ಚೀಲ, ಎಣ್ಣೆ ಡಬ್ಬಗಳ ನಡುವೆ ಸಾಲಾಗಿ ಚಾಪೆ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಅಂಗಿಗಳು, ಒಂದೇ ಒಂದು ಬಲ್ಬು. ಭಟ್ಟರು, ಸಪ್ಲಾಯರುಗಳು, ಕಪ್ಪುಬಸಿ ತೊಳೆಯುವ ಹುಡುಗರು ಎಲ್ಲರ ಮನೆಯೂ ಅದೇ. ನಮ್ಮ ತರಬೇತಿ ಪುಸ್ತಕದ ಭಾಷೆಯಲ್ಲಿ ಅದು ಸಂಸ್ಥಾ ಕುಟುಂಬ. ಅಲ್ಲಿ ಯಜಮಾನನಿಲ್ಲ. ಯಾರಿಗೆ ಯಾರು ಏನಾಗಬೇಕು ಎಂದು ಬರೆಯುವ ಅಗತ್ಯವೂ ಇಲ್ಲ.

ಹುಟ್ಟಿದ ಊರು ಕೇಳುತ್ತ ಹೋದಂತೆ ನನ್ನ ಎದೆ ತುಂಬಿಬಂತು. ಬೈಂದೂರು, ಶಂಕರನಾರಾಯಣ, ಬ್ರಹ್ಮಾವರ, ಹೆಬ್ರಿ, ಕಾರ್ಕಳ. ನಾನು ಬಸ್ಸಿನಲ್ಲಿ ದಾಟಿದ ಊರುಗಳೆಲ್ಲ ಆ ಅಟ್ಟದ ಮೇಲೆ ಮಲಗಲು ಅಣಿಯಾಗುತ್ತಿದ್ದವು.

ಮೂಲೆಯಲ್ಲಿದ್ದ ಹುಡುಗನೊಬ್ಬ ವಯಸ್ಸು ಹದಿನೆಂಟು ಅಂದ. ಮೀಸೆಯ ಕುರುಹೂ ಇರಲಿಲ್ಲ. ವಯಸ್ಸು ಗೊತ್ತಿಲ್ಲದವರಿಗೆ ಊರಿನ ಘಟನೆಗಳನ್ನು ನೆನಪಿಸಿ ಲೆಕ್ಕ ಹಾಕಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಮ್ಮ ಜಿಲ್ಲೆಯವರಿಗೆ ಭೂಮಸೂದೆಗಿಂತ ದೊಡ್ಡ ಗುರುತು ಬೇರೆ ಉಂಟೆ? ನಿನ್ನ ಅಪ್ಪ ಗೇಣಿ ಭೂಮಿಗಾಗಿ ಡಿಕ್ಲರೇಶನ್ ಕೊಟ್ಟಾಗ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ.

“ಆವಾಗ ನಾನು ಒಂದನೇ ಕ್ಲಾಸು, ಮಾಷ್ಟ್ರೇ. ಅಪ್ಪ ಕುಂದಾಪುರಕ್ಕೆ ಹೋದವರು ನನಗೆ ಸ್ಲೇಟು ತಂದಿದ್ರು.”

ಗೇಣಿ ಪದ್ಧತಿಯನ್ನು ರದ್ದು ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಹಾಗಾದರೆ ಹುಡುಗನಿಗೆ ಹದಿಮೂರು. ಏಣಿಯ ತುದಿಯಲ್ಲಿ ನಿಂತಿದ್ದ ಧಣಿಗಳ ಮುಖ ಕಪ್ಪಾಯಿತು. 1948ರ ಜನಗಣತಿ ಕಾಯ್ದೆಯ ಪ್ರಕಾರ ಈ ಚೀಟಿಯನ್ನು ಹೊರಗಿನ ಯಾರೂ ಕೇಳಿ ನೋಡುವಂತಿಲ್ಲ, ಕಾರ್ಮಿಕ ಇಲಾಖೆಯವರಿಗೂ ತೋರಿಸುವುದಿಲ್ಲ ಎಂದು ಬಿಡಿಸಿ ಹೇಳಿ ಹದಿಮೂರು ಎಂದೇ ಬರೆದೆ. ಹೋಟೆಲುಗಳಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ದುಡಿಸಬಾರದೆಂಬ ದೇಶವ್ಯಾಪಿ ನಿಷೇಧ ಬರಲು 2006ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಆ ಇಪ್ಪತ್ತೈದು ವರ್ಷಗಳಲ್ಲಿ ಅಂಥ ಎಷ್ಟು ಮಕ್ಕಳು ಅಟ್ಟ ಹತ್ತಿ ಇಳಿದರೋ!

ಯಾಕೆ ಬಂದೆ ಎಂಬುದಕ್ಕೆ ಹುಡುಗ ತುಂಬಾ ಹೇಳಿದ. ಗೇಣಿ ಭೂಮಿ ಅಪ್ಪನ ಹೆಸರಿಗೆ ಆಯಿತು, ಆದರೆ ಅದು ತುಂಡು ಗದ್ದೆ, ಉಣ್ಣುವ ಬಾಯಿಗಳು ಹೆಚ್ಚು. ಏಳನೇ ಕ್ಲಾಸು ದಾಟಲಿಲ್ಲ. ಊರಿಗೆ ಬಂದಿದ್ದ ಸೋದರಮಾವ ಹಿಂದಿರುಗುವಾಗ ಕರೆದುಕೊಂಡು ಬಂದರು. ನನ್ನ ಚೀಟಿಯಲ್ಲಿ ಉದ್ಯೋಗ, ಓದು, ಮನೆಯವರು ಬಂದದ್ದು, ಮದುವೆ, ಇತರೆ ಇಷ್ಟೇ ಇದ್ದವು. ಉದ್ಯೋಗ ಎಂದು ಬರೆದೆ.

ಆಗ ಅವನು ಕೇಳಿದ: “ಊರಲ್ಲಿ ಅಮ್ಮ ನನ್ನ ಹೆಸರು ಬರೆಸಿಯೇ ಬರೆಸ್ತಾಳೆ. ಇಲ್ಲಿಯೂ ಬರೆದರೆ ಎರಡು ಸಲ ಆಗುದಿಲ್ವಾ?”

ನಿಯಮ ಸ್ಪಷ್ಟವಿತ್ತು. ಗಣತಿಯ ಆ ಇಪ್ಪತ್ತು ದಿನವೂ ಮನೆಯಲ್ಲಿ ಇಲ್ಲದವನನ್ನು ಆ ಮನೆಯಲ್ಲಿ ಬರೆಯುವಂತಿಲ್ಲ, ಸಿಕ್ಕಲ್ಲೇ ಬರೆಯಬೇಕು. ಅಮ್ಮ ಎಷ್ಟೇ ಹೇಳಿದರೂ ಅಲ್ಲಿಯ ಮಾಷ್ಟ್ರು ಬರೆಯುವುದಿಲ್ಲ, ನೀನು ಈಗ ಪುಣೆಯವನು ಎಂದೆ. ಅವನಿಗೆ ಅದು ಹಿಡಿಸಲಿಲ್ಲ. ನನಗೂ ಆ ಮಾತು ಹೇಳುವುದು ಸುಲಭವಾಗಿರಲಿಲ್ಲ.

ಆ ಪ್ರಶ್ನೆಯೇ ನನ್ನನ್ನು ಮುಂದೆ ಪುಣೆಯ ಗೋಖಲೆ ಅರ್ಥಶಾಸ್ತ್ರ ಇನ್‌ಸ್ಟಿಟ್ಯೂಟಿನ ಗ್ರಂಥಾಲಯಕ್ಕೆ ಎಳೆಯಿತು. 1930ರಲ್ಲಿ ಶುರುವಾದ ಆ ಸಂಸ್ಥೆಗೆ ಮೊದಲ ನಿರ್ದೇಶಕರು ಡಿ. ಆರ್. ಗಾಡ್ಗೀಳ್. ಪುಣೆ ನಗರವನ್ನೇ ಮನೆಮನೆ ಕೇಳಿ ಸಮೀಕ್ಷೆ ಮಾಡಿಸಿದವರು ಅವರು. ವಿ. ಎಂ. ದಾಂಡೇಕರ್ ಮತ್ತು ಕುಮುದಿನಿ ದಾಂಡೇಕರ್ ಪುಣೆ ಜಿಲ್ಲೆಯ ಜನನ ಮರಣಗಳ ಸಮೀಕ್ಷೆಯನ್ನು 1953ರಲ್ಲೇ ಪ್ರಕಟಿಸಿದ್ದರು. ದೇಶದಲ್ಲಿ ಹೆಂಗಸರ ಪ್ರಮಾಣ ಯಾಕೆ ಕುಸಿಯುತ್ತಿದೆ ಎಂದು ಕುಮುದಿನಿಯವರು 1975ರಲ್ಲಿ ಬರೆದ ಲೇಖನ ನನ್ನ ಕಣ್ಣು ತೆರೆಸಿತು. ದೇಶದ ಕಥೆ ಹಾಗಿರುವಾಗ ಕೊಂಕಣ ಮತ್ತು ನಮ್ಮ ಕರಾವಳಿಯಲ್ಲಿ ಹೆಂಗಸರೇ ಹೆಚ್ಚು. 2011ರಲ್ಲೂ ಸಾವಿರ ಗಂಡಸರಿಗೆ ರತ್ನಾಗಿರಿಯಲ್ಲಿ 1122, ಉಡುಪಿಯಲ್ಲಿ 1094 ಹೆಂಗಸರಿದ್ದರು. ಇಡೀ ಕರ್ನಾಟಕದಲ್ಲಿ 973.

ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ನಾಡು, ಹೆಣ್ಣಿಗೆ ಮರ್ಯಾದೆ ಹೆಚ್ಚು ಎಂದು ನಮ್ಮವರು ಈ ಅಂಕಿಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಮರ್ಯಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದೇ 2011ರ ಉಡುಪಿಯಲ್ಲಿ ಏಳು ವರ್ಷ ತುಂಬದ ಮಕ್ಕಳನ್ನು ಮಾತ್ರ ನೋಡಿದರೆ ಹುಡುಗರೇ ಹೆಚ್ಚು. ಹೆಂಗಸರ ಆಯಸ್ಸು ದೊಡ್ಡದೆಂಬುದು ಒಂದು ಕಾರಣ. ಇನ್ನೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿನ ಪಟ್ಟಿಯಲ್ಲಿ ಕಾಣೆಯಾದ ಗಂಡಸರು ಮುಂಬಯಿಯ ಗಿರಣಿ ಚಾಳುಗಳಲ್ಲಿ, ಪುಣೆಯ ಹೋಟೆಲುಗಳ ಅಟ್ಟದಲ್ಲಿ, ಆಮೇಲೆ ಕೊಲ್ಲಿ ದೇಶಗಳಲ್ಲಿ ಮಲಗುತ್ತಿದ್ದರು. ಕರಾವಳಿಯನ್ನು ಕರಾವಳಿಯಲ್ಲಿ ಕೂತು ಎಣಿಸಿದರೆ ಅರ್ಧವೇ ತಿಳಿಯುವುದು. ಗಂಡನ ಮನಿಯಾರ್ಡರಿಗೆ ಕಾಯುತ್ತ ಗದ್ದೆ, ಹಟ್ಟಿ, ಅತ್ತೆ, ಮಕ್ಕಳು ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳ ದುಡಿಮೆ 1094 ಎಂಬ ಅಂಕಿಯ ಒಳಗೆ ಇದೆ. ಅದನ್ನು ಬರೀ ಹೆಮ್ಮೆಯಾಗಿ ಓದುವುದು ಆಕೆಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ನಾವು ಬರೆದ ವಲಸೆಯ ಉತ್ತರಗಳು ಕೋಷ್ಟಕಗಳಾಗಿ ಬಂದ ಮೇಲೆ ಆಸೆಯಿಂದ ತೆರೆದು ನೋಡಿದೆ. ನಾನು ನೋಡಿದ ಪುಟದಲ್ಲಿ ಕರ್ನಾಟಕದಲ್ಲಿ ಹುಟ್ಟಿದವರು ಎಂಬ ಒಂದೇ ಸಾಲು. ಬರಕ್ಕೆ ಬೇಸತ್ತು ಕಟ್ಟಡ ಕೆಲಸಕ್ಕೆ ಬಂದ ವಿಜಾಪುರ, ಕಲಬುರ್ಗಿಯವರೂ ಲೋಟ ತೊಳೆಯಲು ಬಂದ ಹೆಬ್ರಿಯ ಹುಡುಗನೂ ಅದರೊಳಗೆ ಒಂದಾಗಿಬಿಟ್ಟಿದ್ದರು. ಚೀಟಿಯಲ್ಲಿ ನಾನು ಜಿಲ್ಲೆಯ ಹೆಸರನ್ನು ಒತ್ತಿ ಬರೆದಿದ್ದೆ.

2021ರಲ್ಲಿ ಆಗಬೇಕಿದ್ದ ಗಣತಿಯ ಲೆಕ್ಕ ಈಗ 2027ರ ಮಾರ್ಚ್ 1ಕ್ಕೆ ನಿಲ್ಲಲಿದೆ. ಚೀಟಿಯ ಬದಲು ಮೊಬೈಲು, ಜಾತಿಯ ಪ್ರಶ್ನೆಯೂ ಇದೆ. ನನ್ನ ಅಕ್ಕನ ಮಗಳು ಪುಣೆಯಲ್ಲೇ ಟೀಚರು; ಅವಳಿಗೂ ಗಣತಿಯ ಕೆಲಸ ಬೀಳಬಹುದು. ಹೋಟೆಲಿಗೆ ಹಗಲು ಹೋಗಬೇಡ, ಗಲ್ಲೆಯ ಮೇಲೆ ಕೂತವರು ಹೇಳಿದ ಸಂಖ್ಯೆಯನ್ನು ಬರೆದುಕೊಂಡು ಬರಬೇಡ ಎಂದಿದ್ದೇನೆ. ಈಗ ಆ ಹುಡುಗರು ಒಡಿಶಾದವರು, ಬಿಹಾರದವರು, ನೇಪಾಳದವರು. ಅವಳಿಗೆ ಅವರ ಭಾಷೆ ಬರುವುದಿಲ್ಲ. ಅವರ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾಳೆ.