ಸಂಜೆ ಅರಳುವ ಹೂವಿನ ಎಣ್ಣೆ

ಬ್ರಿಟನ್ನಿನ ಚಳಿ ನಮ್ಮನ್ನು ಮೊದಲು ಹಿಡಿಯೋದು ಚರ್ಮದಲ್ಲಿ. ಹೊರಗೆ ಕೊರೆಯುವ ಗಾಳಿ, ಒಳಗೆ ರಾತ್ರಿಯಿಡೀ ಹೀಟರ್. ನವೆಂಬರ್ ಮುಗಿಯುವಷ್ಟರಲ್ಲಿ ಹಿಮ್ಮಡಿ ಒಡೆದು, ಮೊಣಕೈ ಬೆಳ್ಳಗಾಗಿರುತ್ತದೆ. ಊರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿ. ಆಗ ಔಷಧಿ ಅಂಗಡಿಯಲ್ಲಿ ಕಣ್ಣಿಗೆ ಬೀಳೋದು ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ.

ಹೆಸರು ಕೇಳಿದರೆ ಹಿತ್ತಲಿನ ಸಂಜೆಮಲ್ಲಿಗೆ ನೆನಪಾಗುತ್ತೆ. ಆದರೆ ಇದು ಬೇರೆ ಗಿಡ, ಉತ್ತರ ಅಮೆರಿಕ ಮೂಲದ್ದು. ಹಳದಿ ಹೂ ಸಂಜೆಗೆ ಅರಳುತ್ತದೆ. ಎಣ್ಣೆ ತೆಗೆಯುವುದು ಅದರ ಸಣ್ಣ ಬೀಜದಿಂದ. ಅದರಲ್ಲಿ ಸುಮಾರು ಶೇ. 70ರಷ್ಟು ಲಿನೋಲಿಕ್ ಆಮ್ಲ. ಚರ್ಮದ ಹೊರಪದರ ತೇವ ಹಿಡಿದಿಟ್ಟುಕೊಳ್ಳಲು ಬೇಕಾದ ಕೊಬ್ಬು ಇದು. ಶೇ. 8ರಿಂದ 10ರಷ್ಟು ಗಾಮಾ ಲಿನೋಲೆನಿಕ್ ಆಮ್ಲ. ಎಣ್ಣೆಗೆ ಹೆಸರು ಬಂದದ್ದೇ ಇದರಿಂದ.

ನಮ್ಮ ಮನೆಯ ನಾಲ್ವರು ಹುಡುಗಿಯರಲ್ಲಿ ಒಬ್ಬಳಿಗೆ ಎಕ್ಸಿಮಾ. ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆದೂ ತೊಳೆದೂ ಬೆರಳು ಸೀಳಿ ರಕ್ತ ಬರ್ತಿತ್ತು. ವಾರದ ದಿನಸಿ ದುಡ್ಡನ್ನು ಈ ಎಣ್ಣೆಯ ಕ್ಯಾಪ್ಸೂಲಿಗೆ ಹಾಕಲು ಹೊರಟಿದ್ದಳು. "ಡಾಕ್ಟರ ಹತ್ರ ಹೋದ್ರೆ ಒಂದು ಶಿಫ್ಟ್ ಹೋಗುತ್ತೆ ಕಣ್ರೇ" ಅನ್ನೋದು ಅವಳ ಲೆಕ್ಕ.

ಎಲ್ಲರೂ ಕೂತು ಓದಿದೆವು. ಈ ದೇಶದಲ್ಲಿ ಒಂದು ಕಾಲಕ್ಕೆ ಎಕ್ಸಿಮಾಗೆ ಇದೇ ಕ್ಯಾಪ್ಸೂಲನ್ನು ಡಾಕ್ಟರೇ ಬರೆದುಕೊಡುತ್ತಿದ್ದರು. ಗುಣ ಕಾಣುತ್ತದೆ ಅನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 2002ರಲ್ಲಿ ಸರ್ಕಾರ ಅದರ ಪರವಾನಗಿ ಹಿಂದಕ್ಕೆ ಪಡೆಯಿತು. 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ಕಾಕ್ರೇನ್ ವಿಮರ್ಶೆಯೂ, ಎಕ್ಸಿಮಾಗೆ ಇದನ್ನು ನುಂಗಿದರೆ ಹುಸಿಮಾತ್ರೆಗಿಂತ ಹೆಚ್ಚಿನ ಪ್ರಯೋಜನವಿಲ್ಲ ಎಂದಿತು. ಸಸ್ಯಾಹಾರಿಗಳು ಇನ್ನೊಂದು ಗಮನಿಸಿ: ಕ್ಯಾಪ್ಸೂಲಿನ ಹೊದಿಕೆ ಬಹುಪಾಲು ಪ್ರಾಣಿಮೂಲದ ಜೆಲಟಿನ್.

ಮಾರನೇ ದಿನ ಅವಳನ್ನು ಹೊರಡಿಸಿಕೊಂಡು ಡಾಕ್ಟರ ಹತ್ತಿರ ಹೋದೆವು. ವೀಸಾ ಜೊತೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿದ್ದೇವಲ್ಲ, ತೋರಿಸಿಕೊಳ್ಳಲು ಬೇರೆ ಫೀಸಿಲ್ಲ. ಹಚ್ಚಲು ಮುಲಾಮು, ದಪ್ಪ ಮಾಯಿಶ್ಚರೈಸರ್, ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯದು, ಮೇಲೆ ರಬ್ಬರಿನದು, ಹೀಗೆ ಎರಡು ಗ್ಲೌಸ್. ಮೂರು ವಾರಕ್ಕೆ ಸೀಳು ಕೂಡಿಕೊಂಡಿತು.

ಹಾಗಂತ ಎಣ್ಣೆ ಕೆಟ್ಟದ್ದೇನಲ್ಲ. ಬರೀ ಒಣಗಿದ ಚರ್ಮವಾದರೆ, ಸ್ನಾನ ಆದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ನಾಲ್ಕು ಹನಿ ಸವರಿಕೊಳ್ಳಿ, ಮೆತ್ತಗಾಗುತ್ತದೆ. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ. ಬೇಗ ಕಮಟು ಹಿಡಿಯುವ ಎಣ್ಣೆ. ಸಣ್ಣ, ಗಾಢ ಬಣ್ಣದ ಬಾಟಲಿ ತಗೊಂಡು ತಂಪಲ್ಲಿಡಿ.

ಆದರೆ ಚರ್ಮ ಸೀಳಿ ರಕ್ತ ಬಂದರೆ, ತುರಿಕೆ ನಿದ್ದೆ ಕೆಡಿಸಿದರೆ, ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಸಂಘದ ಗುಂಪಿಗೆ ಒಂದು ಮೆಸೇಜ್ ಹಾಕಿ, ಜೊತೆಗೆ ನಾವು ಬರ್ತೀವಿ.